ಕೈ ಬಿಡ್ರಿ, ನಾನ ಬರ್ತೀನಿ

ನಾನು ಮುಂಬಯಿಗೆ ಬಂದದ್ದು 1983ರ ಜೂನ್ ತಿಂಗಳಲ್ಲಿ. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆ ಬರೆದು, ಒಂದು ಟ್ರಂಕು ಮತ್ತು ಒಂದು ಹಾಸಿಗೆ ಸುರುಳಿ ಹಿಡಿದುಕೊಂಡು ದಾದರಿನಲ್ಲಿ ಇಳಿದಿದ್ದೆ. ಊರು ಬ್ಯಾಡಗಿ ಕಡೆ. ಆಗ ಅದು ಧಾರವಾಡ ಜಿಲ್ಲೆಯಲ್ಲೇ ಇತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮೂವತ್ತಾರು ವರ್ಷ ಚಾಕರಿ ಮಾಡಿ 2019ರಲ್ಲಿ ನಿವೃತ್ತನಾದೆ. ನಡುವೆ ಪುಣೆ, ಹೈದರಾಬಾದು ನೋಡಿ ಬಂದರೂ ಮನೆ ಮಾತ್ರ ಇಲ್ಲಿಯೇ ಆಯಿತು.

ಹೊರನಾಡಿನಲ್ಲಿ ಬಾಳಿದವರು ಸಾಮಾನ್ಯವಾಗಿ ತಾವು ಪಟ್ಟ ಕಷ್ಟದ ಬಗ್ಗೆ ಬರೆಯುತ್ತಾರೆ. ನಾನು ಇಲ್ಲಿ ಬರೆಯಹೊರಟಿರುವುದು ನಾನು ಮಾಡದೆ ಬಿಟ್ಟ ಒಂದು ಕೆಲಸದ ಬಗ್ಗೆ. ಅದಕ್ಕೆ ಹತ್ತು ಸೆಕೆಂಡು ಸಾಕಿತ್ತು. ಮೂವತ್ತು ವರ್ಷದಿಂದ ಅದರ ಲೆಕ್ಕ ಹೊಂದಿಸಲು ನೋಡುತ್ತಿದ್ದೇನೆ, ಹೊಂದುತ್ತಿಲ್ಲ.

1994ನೇ ಇಸವಿ. ನಾನಾಗ ಉಪನಗರದ ಒಂದು ಶಾಖೆಯಲ್ಲಿ ಅಧಿಕಾರಿ. ಅಧಿಕಾರಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ದಿನ ಮಧ್ಯಾಹ್ನ ಎರಡು ಗಂಟೆ ದಾಟಿ ಕ್ಯಾಶ್ ಕೌಂಟರ್ ಮುಚ್ಚಿದ ಮೇಲೆ ಒಬ್ಬ ಹುಡುಗ ಕೌಂಟರಿನ ಮುಂದೆ ನಿಂತು ಗಲಾಟೆ ಶುರುಮಾಡಿದ. ಕಟ್ಟಡದ ಕೆಲಸಕ್ಕೆ ಬಂದವನು ಅನ್ನುವುದು ಕಾಲಿಗೆ ಮೆತ್ತಿದ ಸಿಮೆಂಟಿನಿಂದಲೇ ಗೊತ್ತಾಗುತ್ತಿತ್ತು. ಕೈಯಲ್ಲಿ ಮುದ್ದೆಯಾದ ಆರುನೂರು ರೂಪಾಯಿ. ಊರಿಗೆ ಡ್ರಾಫ್ಟ್ ಕಳಿಸಬೇಕಾಗಿತ್ತು. ಹನ್ನೆರಡೂವರೆಗೇ ಬಂದು ಪಾಳಿ ಹಚ್ಚಿದ್ದ, ಆದರೆ ತಪ್ಪು ಪಾಳಿ. ಫಲಕಗಳು ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ ಇದ್ದವು. ಅವನಿಗೆ ಮೂರೂ ಬರುತ್ತಿರಲಿಲ್ಲ. ತಾಸೊಪ್ಪತ್ತು ನಿಂತ ಮೇಲೆ ಇದು ಆ ಪಾಳಿ ಅಲ್ಲ ಎಂದರು, ಆ ಪಾಳಿಗೆ ಹೋಗುವಷ್ಟರಲ್ಲಿ ಕೌಂಟರ್ ಬಂದ್ ಆಯಿತು. ಅವನು ಕೌಂಟರಿನ ಹಲಗೆಗೆ ಕೈಯಿಂದ ಬಡಿದು ಕೂಗತೊಡಗಿದ. ಇಂಡಿ ತಾಲ್ಲೂಕಿನ ಕಡೆಯ ಕನ್ನಡ. ಆ ಶಾಖೆಯಲ್ಲಿ ಅದು ತಿಳಿಯುತ್ತಿದ್ದದ್ದು ನನ್ನೊಬ್ಬನಿಗೆ.

ಬೀಟ್ ಪುಸ್ತಕಕ್ಕೆ ಸಹಿ ಹಾಕಲು ಬಂದಿದ್ದ ಒಬ್ಬ ಕಾನ್‌ಸ್ಟೇಬಲ್ ಅಲ್ಲೇ ಇದ್ದರು. ಮ್ಯಾನೇಜರರು ಅವರಿಗೆ ಕಣ್ಣು ಮಾಡಿದರು. ಅವರು ಬಂದು ಹುಡುಗನ ರೊಕ್ಕ ಹಿಡಿದ ಕೈಯನ್ನೇ ಮೊಣಕೈ ಮೇಲೆ ಹಿಡಿದು ಬಾಗಿಲ ಕಡೆ ಜಗ್ಗಿದರು. ಹುಡುಗ ಹೇಳಿದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ: "ಕೈ ಬಿಡ್ರಿ, ನಾನ ಬರ್ತೀನಿ. ರೊಕ್ಕ ಬೀಳ್ತಾವ್ರಿ." ಎರಡು ಸಲ ಅಂದ. ಮೂರನೇ ಸಲಕ್ಕೆ ಕೈ ಕೊಸರಿಕೊಂಡ. ಮೊಣಕೈ ಕಾನ್‌ಸ್ಟೇಬಲರ ಎದೆಗೆ ತಾಗಿತು, ಅವರ ಟೊಪ್ಪಿಗೆ ಕೆಳಗೆ ಬಿತ್ತು. ಅಲ್ಲಿಗೆ ಮುಗಿಯಿತು. ವರ್ದಿಯ ಟೊಪ್ಪಿಗೆ ಬಿದ್ದ ಮೇಲೆ ಅದು ಪಾಳಿಯ ಜಗಳವಾಗಿ ಉಳಿಯುವುದಿಲ್ಲ.

ಠಾಣೆಗೆ ಬ್ಯಾಂಕಿನ ಕಡೆಯಿಂದ ಒಂದು ಪತ್ರ ಬೇಕೆಂದರು. ಇಂಗ್ಲಿಷ್ ಪತ್ರ ಬರೆಯುವುದರಲ್ಲಿ ಶಾಖೆಯಲ್ಲಿ ನನ್ನ ಕೈ ಮೇಲು ಎಂಬ ಹೆಸರಿತ್ತು. ಡ್ರಾಫ್ಟು ನಾನು ಮಾಡಿದೆ, ಮ್ಯಾನೇಜರರು ಸಹಿ ಹಾಕಿದರು. ಕೆಲಸದ ವೇಳೆಯಲ್ಲಿ ಸಿಬ್ಬಂದಿಗೆ ಅಡ್ಡಿಪಡಿಸಿದ, ತಡೆಯಲು ಬಂದ ಪೊಲೀಸರನ್ನು ತಳ್ಳಿದ ಎಂದು ಬರೆದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂದು ಆಗ ಅಂದುಕೊಂಡೆ. "ನಾನ ಬರ್ತೀನಿ" ಎಂದು ಅವನು ಹೇಳಿದ್ದನ್ನು ಮಾತ್ರ ಬರೆಯಲಿಲ್ಲ. ಬಾಯಲ್ಲೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಹೆದರಿಕೆ ಸ್ವಲ್ಪ ಇತ್ತು. ಆದರೆ ನಿಜವಾದ ಕಾರಣ ನಾಚಿಕೆ. ಆ ಮಾತು ನನಗೆ ತಿಳಿಯಿತು ಎಂದರೆ, ಆ ಸಿಮೆಂಟು ಕಾಲಿನ ಹುಡುಗನೂ ನಾನೂ ಒಂದೇ ಕಡೆಯವರು ಎಂದು ಹೇಳಿದಂತೆ. ಹನ್ನೊಂದು ವರ್ಷ ಮರಾಠಿ ಕಲಿತು, ಇಸ್ತ್ರಿ ಅಂಗಿ ಹಾಕಿ, ಇಲ್ಲಿಯವನೇ ಅನಿಸಿಕೊಳ್ಳಲು ನಾನು ಪಟ್ಟ ಪಾಡು ಒಂದು ನಿಮಿಷದಲ್ಲಿ ಬಯಲಾಗುತ್ತದೆ ಎಂಬ ಅಳುಕು. ಪರಊರಿನಲ್ಲಿ ನೆಲೆ ಊರಿದವರಿಗೆ ಈ ಅಳುಕು ಹೊಸದಲ್ಲ. ಒಪ್ಪಿಕೊಳ್ಳುವವರು ಕಡಿಮೆ.

ಮುಂದೆ ಆದದ್ದು ಇಷ್ಟು. ಸರಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಬಲಪ್ರಯೋಗ ಮಾಡಿದ್ದು ಎಂದು ದಂಡಸಂಹಿತೆಯ ಕಲಂ 353 ಹಾಕಿದರು. ಆ ಕಾಲಕ್ಕೆ ಅದು ಜಾಮೀನು ಸಿಗುವ ಅಪರಾಧ. ಆದರೆ ಜಾಮೀನಿಗೆ ನಿಲ್ಲುವವರು ಅವನಿಗೆ ಯಾರು? ಕಂತ್ರಾಟುದಾರ ಕೈ ಎತ್ತಿದ. ಒಂಬತ್ತು ದಿನ ಒಳಗಿದ್ದ. ಕೊನೆಗೆ ಯಾರೋ, ತಪ್ಪು ಒಪ್ಪಿಕೊಂಡರೆ ದಂಡ ಹಾಕಿ ಬಿಡುತ್ತಾರೆ ಎಂದು ಹೇಳಿಕೊಟ್ಟರಂತೆ. ಒಪ್ಪಿಕೊಂಡ. ಐನೂರು ರೂಪಾಯಿ ದಂಡ ಕಟ್ಟಿದ.

ಇದನ್ನೆಲ್ಲ ಹೇಳಿದವನು ಅವನ ಜೊತೆಯ ಇನ್ನೊಬ್ಬ ಕೂಲಿ. ಹತ್ತನೇ ದಿನವೋ ಹನ್ನೊಂದನೇ ದಿನವೋ ಬ್ಯಾಂಕಿಗೆ ಬಂದಿದ್ದ, ಅದೇ ಡ್ರಾಫ್ಟ್ ಮಾಡಿಸಲು. ನಾನೇ ಫಾರ್ಮು ತುಂಬಿಕೊಟ್ಟೆ, ಕಮಿಷನ್ ನನ್ನ ಕಿಸೆಯಿಂದ ಹಾಕಿದೆ, ಕನ್ನಡದಲ್ಲೇ ಮಾತಾಡಿದೆ. ಅವನು ಹೋಗುವಾಗ ನಿಂತು ಹೇಳಿದ: "ನೀವ ಏನ್ರಿ ಆ ಸಾಹೇಬ್ರು? ಅಲ್ಲೊಬ್ರು ಸಾಹೇಬ್ರಿದ್ರು, ನಾ ಅಂದಿದ್ದು ಅವ್ರಿಗೆ ತಿಳದಿತ್ತು ಅಂತಾನ್ರಿ. ಅವ್ರ ಮಾರಿ ನೋಡಿದ್ರ ಗೊತ್ತಾಕ್ಕಿತ್ತಂತ." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಆವಾಗಿನಿಂದ ನನಗೆ ಒಂದು ಚಟ ಹತ್ತಿತು. ಈ ಕಾನೂನು ಏನು ಹೇಳುತ್ತದೆ ಎಂದು ಓದುವುದು. ವಕೀಲನಲ್ಲ, ಆದರೆ ಬ್ಯಾಂಕಿನವರಿಗೆ ಕಲಮುಗಳನ್ನು ಓದುವ ರೂಢಿ ಇರುತ್ತದೆ.

ಮೆಕಾಲೆಯ ಆಯೋಗ ಕರಡು ಮಾಡಿ 1860ರಲ್ಲಿ ಕಾಯಿದೆಯಾದ ದಂಡಸಂಹಿತೆಯಲ್ಲಿ ಎರಡು ಮೆಟ್ಟಿಲು ಇದ್ದವು. ಸರಕಾರಿ ನೌಕರನ ಕೆಲಸಕ್ಕೆ ಬರೇ ಅಡ್ಡಿಯಾದರೆ ಕಲಂ 186, ಮೂರು ತಿಂಗಳವರೆಗೆ ಸಜೆ ಅಥವಾ ಐನೂರು ರೂಪಾಯಿವರೆಗೆ ದಂಡ. ಕೈ ಮಾಡಿದರೆ ಕಲಂ 353, ಎರಡು ವರ್ಷದವರೆಗೆ ಸಜೆ ಅಥವಾ ದಂಡ. ಮಹಾರಾಷ್ಟ್ರದಲ್ಲಿ ತಿದ್ದುಪಡಿ ಮಾಡಿ 2018ರಿಂದ ಈ ಎರಡು ವರ್ಷವನ್ನು ಐದು ವರ್ಷ ಮಾಡಿದ್ದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ 186 ಹೋಗಿ 221 ಆಯಿತು, ದಂಡ ಎರಡೂವರೆ ಸಾವಿರಕ್ಕೆ ಏರಿತು. 353 ಹೋಗಿ 132 ಆಯಿತು. ಸಂಸತ್ತು ಮಾಡಿದ ಪಾಠದಲ್ಲಿ ಅಲ್ಲಿ ಮತ್ತೆ ಎರಡು ವರ್ಷವೇ ಇದೆ.

ಇನ್ನೊಂದು ಕಲಂ ಇದೆ, ಹಳೆಯದರಲ್ಲಿ 99, ಹೊಸದರಲ್ಲಿ 37. ಪೊಲೀಸರು ತಮ್ಮ ಹುದ್ದೆಯ ನೆಲೆಯಲ್ಲಿ, ಸದುದ್ದೇಶದಿಂದ ಮಾಡಿದ ಕೆಲಸ ಕಾನೂನಿನ ಪ್ರಕಾರ ಪೂರಾ ಸರಿಯಿಲ್ಲದಿದ್ದರೂ, ಪ್ರಾಣಕ್ಕೋ ಭಾರಿ ಗಾಯಕ್ಕೋ ಹೆದರಿಕೆ ಇಲ್ಲದಿದ್ದರೆ ಅದರ ಎದುರು ಆತ್ಮರಕ್ಷಣೆಯ ಹಕ್ಕು ಇಲ್ಲ. ಅಂದರೆ ಕಾನೂನು ಹೇಳುವುದು ಇದು: ಮೊದಲು ಬಗ್ಗು, ಆಮೇಲೆ ವಾದಿಸು.

ಮೊದಲ ಸಲ ಓದಿದಾಗ ಇದು ಅನ್ಯಾಯ ಅನಿಸಿತು. ಈಗ ಹಾಗೆ ಅನಿಸುವುದಿಲ್ಲ. ಬ್ಯಾಂಕಿಗೆ ಕೋರ್ಟಿನಿಂದಲೋ ತೆರಿಗೆ ಇಲಾಖೆಯಿಂದಲೋ ಜಪ್ತಿ ಹುಕುಂ ಬಂದರೆ ನಾವೂ ಹೀಗೇ ಮಾಡುತ್ತೇವೆ. ಗಿರಾಕಿ ಸತ್ಯವಂತನೇ ಇರಬಹುದು. ಆದರೂ ಮೊದಲು ಖಾತೆಗೆ ತಡೆ ಹಾಕುತ್ತೇವೆ, ನಿಮ್ಮ ತಕರಾರು ಅಲ್ಲಿ ಹೇಳಿಕೊಳ್ಳಿ ಎನ್ನುತ್ತೇವೆ. ಯಾವ ಹುಕುಂ ಸರಿ, ಯಾವುದು ತಪ್ಪು ಎಂದು ಕೌಂಟರಿನಲ್ಲೇ ತೀರ್ಮಾನ ಮಾಡುತ್ತ ಕುಳಿತರೆ ಜೋರುಬಾಯಿಯವನ ದುಡ್ಡು ಉಳಿಯುತ್ತದೆ, ಮೆತ್ತಗಿನವನದು ಹೋಗುತ್ತದೆ. ಬೀದಿಯಲ್ಲೂ ಅಷ್ಟೇ. ಬಂಧನ ಸರಿಯೋ ತಪ್ಪೋ ಎಂಬುದನ್ನು ತೋಳ್ಬಲದಿಂದ ತೀರ್ಮಾನಿಸುವುದಾದರೆ ಗೂಂಡಾಗಳು ಗೆಲ್ಲುತ್ತಾರೆ, ಕೂಲಿಯವರು ಗೆಲ್ಲುವುದಿಲ್ಲ.

ಕಾನ್‌ಸ್ಟೇಬಲನ ಕಡೆಯಿಂದಲೂ ನೋಡಬೇಕು. 2016ರ ಆಗಸ್ಟಿನಲ್ಲಿ ಇದೇ ಮುಂಬಯಿಯ ಖಾರ್‌ನಲ್ಲಿ ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುತ್ತಿದ್ದ ಹುಡುಗನನ್ನು ತಡೆದ ಸಂಚಾರಿ ಪೊಲೀಸರೊಬ್ಬರು ತಲೆಗೆ ಹೊಡೆತ ತಿಂದು, ವಾರದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಗಲೆಲ್ಲ ಬಿಸಿಲಲ್ಲಿ ನಿಲ್ಲುವ ಆ ಮನುಷ್ಯನಿಗೆ ವರ್ದಿ ಬಿಟ್ಟರೆ ಬೇರೆ ಯಾವ ರಕ್ಷಣೆ ಇದೆ? ಕೈ ಮಾಡುವವರಿಗೆ ಕಾನೂನಿನ ಭಯ ಇರಲೇಬೇಕು.

ಆದರೆ 'ಮೊದಲು ಬಗ್ಗು, ಆಮೇಲೆ ವಾದಿಸು' ಎಂಬ ಕರಾರಿಗೆ ಒಂದು ಒಳಶರತ್ತು ಇದೆ. ಆ 'ಆಮೇಲೆ' ಎಂಬುದು ನಿಜವಾಗಿ ಇರಬೇಕು. ನನಗೆ ಅದು ಇದೆ. ವಕೀಲರ ಪರಿಚಯ ಇದೆ, ಸಂಬಳದ ಚೀಟಿ ಇತ್ತು, ಈಗ ಪಿಂಚಣಿ ಪುಸ್ತಕ ಇದೆ, ನಾಲ್ಕು ಭಾಷೆ ಬರುತ್ತವೆ. ಆ ಹುಡುಗನಿಗೆ 'ಆಮೇಲೆ' ಎಂದರೆ ಒಂಬತ್ತು ದಿನ ಮತ್ತು ಕಬೂಲಿ. ಅವನು ಕರಾರಿನ ತನ್ನ ಪಾಲು ಸಲ್ಲಿಸಿದ್ದ. ಬರ್ತೀನಿ ಎಂದಿದ್ದ. ಇನ್ನೊಂದು ಕಡೆಯ ಪಾಲು ಅವನಿಗೆ ಸಲ್ಲಲೇ ಇಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬಂಧನ ಹೇಗೆ ಮಾಡಬೇಕು ಎಂದು ಹೇಳುವ ಕಲಂ. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 46, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 43. ಬಂಧಿಸುವಾಗ ಪೊಲೀಸರು ಆ ವ್ಯಕ್ತಿಯ ಮೈ ಮುಟ್ಟಬೇಕು ಅಥವಾ ತಡೆಹಿಡಿಯಬೇಕು. ಆದರೆ ಅವನೇ ಮಾತಿನಿಂದಲೋ ಕ್ರಿಯೆಯಿಂದಲೋ ಒಪ್ಪಿ ಬಂದರೆ ಅದರ ಅಗತ್ಯ ಇಲ್ಲ. ಬಲವಂತದಿಂದ ತಡೆದರೆ ಮಾತ್ರ ಅಗತ್ಯವಿದ್ದಷ್ಟು ಬಲ ಬಳಸಬಹುದು. ಮಾತಿನಿಂದ! ಒಂದು ಮಾತು ಸಾಕು ಎಂದು ಕಾನೂನು ಹೇಳುತ್ತದೆ. ಯಾವ ಭಾಷೆಯ ಮಾತು ಎಂದು ಹೇಳುವುದಿಲ್ಲ. "ಕೈ ಬಿಡ್ರಿ, ನಾನ ಬರ್ತೀನಿ" ಎಂಬುದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಯಾವುದಿದೆ? ಇದೇ ಮಾತನ್ನು ಇಂಡಿಯ ಬಜಾರಿನಲ್ಲಿ ಆಡಿದ್ದರೆ ಅದು ಶರಣಾಗತಿ. ಮುಂಬಯಿಯಲ್ಲಿ ಅದು ಬರೇ ಅರಚಾಟ. ಮಾತು ಅದೇ, ಮನುಷ್ಯನೂ ಅವನೇ. ಕೇಳುವವರು ಬದಲಾದ್ದರಿಂದ ಒಪ್ಪಿಗೆ ಹೋಗಿ ಪ್ರತಿರೋಧವಾಯಿತು.

ಕಾನ್‌ಸ್ಟೇಬಲರಿಗೆ ಕನ್ನಡ ಬರುತ್ತಿರಲಿಲ್ಲ, ಅವರ ತಪ್ಪೇನೂ ಇಲ್ಲ. ಹುಡುಗನಿಗೆ ಮರಾಠಿ ಬರುತ್ತಿರಲಿಲ್ಲ, ಹೊಟ್ಟೆಪಾಡಿಗೆ ಬಂದು ಮೂರು ತಿಂಗಳಾಗಿತ್ತು. ಎರಡೂ ಬರುತ್ತಿದ್ದವನು ನಾನೊಬ್ಬ.

ನಮ್ಮ ಸೀಮೆಯ ಹುಡುಗರು ಮೈಲಾರ ಮಹಾದೇವರ ಕಥೆ ಕೇಳುತ್ತ ಬೆಳೆದವರು. ಮೋಟೆಬೆನ್ನೂರಿನವರು, 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರು. ಪೊಲೀಸರಿಗೆ ಎದುರು ನಿಂತವನೇ ಗಂಡಸು ಎಂಬ ಭಾವನೆ ನಮ್ಮಲ್ಲಿ ಹಾಗೆ ಬಂದದ್ದು. ಆದರೆ ಸ್ವತಂತ್ರ ದೇಶದ ಪೊಲೀಸರು ನಮ್ಮವರೇ. ಹಾಗಾಗಿ ನನ್ನ ಮನಸ್ಸು ಮೈಲಾರರಿಗಿಂತ ಹೆಚ್ಚಾಗಿ ಚಂಪಾರಣ್ಯಕ್ಕೆ ಹೋಗುತ್ತದೆ. 1917ರ ಏಪ್ರಿಲಿನಲ್ಲಿ ಜಿಲ್ಲೆ ಬಿಟ್ಟು ಹೋಗು ಎಂಬ ಹುಕುಮನ್ನು ಗಾಂಧೀಜಿ ಪಾಲಿಸಲಿಲ್ಲ, ಆದರೆ ಬಂಧನವನ್ನೂ ತಡೆಯಲಿಲ್ಲ. ಮೋತಿಹಾರಿಯ ಕೋರ್ಟಿನಲ್ಲಿ ನಿಂತು ಹೌದು, ಮೀರಿದ್ದೇನೆ ಎಂದರು. ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಅಲ್ಲಿನ ರೈತರ ಮಾತು ಅವರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ ಎಂಬುದು. ಅಲ್ಲಿನ ದೊಡ್ಡ ದೊಡ್ಡ ವಕೀಲರನ್ನು ಅವರು ಕೇಳಿದ್ದು ವಕೀಲಿಕೆಯನ್ನಲ್ಲ. ಗುಮಾಸ್ತರಾಗಿ, ದುಭಾಷಿಗಳಾಗಿ ಕೆಲಸ ಮಾಡಿ ಎಂದು. ರೈತನ ಮಾತನ್ನು ಕೇಳಿ, ಇದ್ದ ಹಾಗೆ ಇನ್ನೊಬ್ಬನಿಗೆ ದಾಟಿಸುವುದನ್ನೇ ಅವರು ಆ ಹೋರಾಟದ ಮುಖ್ಯ ಕೆಲಸ ಎಂದು ತಿಳಿದಿದ್ದರು.

ಇನ್ನು ನನ್ನ ಮನೆಯದೇ ಒಂದು ಪ್ರಸಂಗ. 2019ರ ಮೊದಲಲ್ಲಿ, ನಮ್ಮ ಅಕ್ಕನ ಮಗ ಇಲ್ಲಿ ನೌಕರಿಗೆ ಬಂದು ನಮ್ಮ ಮನೆಯಲ್ಲೇ ಇದ್ದ. ಒಂದು ರಾತ್ರಿ ಹನ್ನೊಂದೂವರೆಗೆ ಫೋನು. "ಮಾಮಾ, ನಾಕಾಬಂದಿಯೊಳಗ ಹಿಡದಾರ. ನಾ ಏನೂ ಮಾಡಿಲ್ಲ. ಗಾಡಿ ಕೀಲಿ ಕಸ್ಕೊಂಡ್ರು, ಕೈ ಹಿಡದ್ರು, ಬಿಡಿಸ್ಕೊಂಡೆ ಅಷ್ಟ." ನನಗೆ ಕೈಕಾಲು ತಣ್ಣಗಾದವು. ಆ ಹೊತ್ತಿಗೆ 353 ಜಾಮೀನುರಹಿತವೂ ಆಗಿತ್ತು, ಇಲ್ಲಿ ಐದು ವರ್ಷದ್ದೂ ಆಗಿತ್ತು. ಹುಡುಗನ ನೌಕರಿ, ಪಾಸ್‌ಪೋರ್ಟು, ಎಲ್ಲಕ್ಕೂ ಕಲ್ಲು. 'ಬಿಡಿಸಿಕೊಂಡೆ' ಮತ್ತು 'ತಳ್ಳಿದ' ಎಂಬ ಎರಡು ಶಬ್ದಗಳ ನಡುವೆ ಅವನ ಬದುಕು ನಿಂತಿತ್ತು. ಕಾನೂನಿಗೂ ಈ ಅಂತರ ಗೊತ್ತು: ಅಪರಾಧದ ಬಲಪ್ರಯೋಗ ಎನ್ನಬೇಕಾದರೆ ಅದು ಬೇಕೆಂತಲೇ ಮಾಡಿದ್ದಾಗಿರಬೇಕು. ಹಠಾತ್ತನೆ ಹಿಡಿದ ಕೈಯನ್ನು ಮೈ ತಾನಾಗಿ ಹಿಂದಕ್ಕೆಳೆಯುತ್ತದೆ. ಕಾದ ಹೆಂಚು ತಾಗಿದಂತೆ. ಆದರೆ ಇದನ್ನು ರಾತ್ರಿ ಹನ್ನೆರಡಕ್ಕೆ ಠಾಣೆಯಲ್ಲಿ ಯಾರು ಹೇಳಬೇಕು?

ಹೇಳಲು ಒಬ್ಬರು ಇದ್ದರು. ನಾನು ಹೋಗುವಷ್ಟರಲ್ಲಿ ನಾಕಾಬಂದಿಯ ಪಕ್ಕದಲ್ಲಿ ಪಾನ್ ಅಂಗಡಿ ಇಟ್ಟಿದ್ದ ಒಬ್ಬ ಮರಾಠಿ ಹಿರಿಯರು ಅಂಗಡಿಯ ಬಾಗಿಲು ಎಳೆದು, ತಾವಾಗಿಯೇ ಠಾಣೆಗೆ ಬಂದು ಕೂತಿದ್ದರು. ಹುಡುಗ ತಳ್ಳಲಿಲ್ಲ, ಬೆದರಿ ಕೈ ಎಳೆದುಕೊಂಡ, ನಾನು ನೋಡಿದ್ದೇನೆ ಎಂದು ಡ್ಯೂಟಿ ಅಧಿಕಾರಿಗೆ ಹೇಳಿದರು. ಯಾರ ಮೇಲೂ ಕೂಗಲಿಲ್ಲ. ಅಧಿಕಾರಿ ಹಿಡಿದ ಕಾನ್‌ಸ್ಟೇಬಲನ್ನು ಕರೆಸಿ ಕೇಳಿದರು. ಆತನೂ, ಹೌದು ಸಾಹೇಬ್, ತಳ್ಳಲಿಲ್ಲ ಎಂದ. ಲೈಸೆನ್ಸು ಮನೆಯಲ್ಲಿ ಬಿಟ್ಟದ್ದಕ್ಕೆ ದಂಡ ಹಾಕಿ, ನಾಲ್ಕು ಬುದ್ಧಿಮಾತು ಹೇಳಿ ಕಳಿಸಿದರು. ನಾನು ಆ ಹಿರಿಯರಿಗೆ ಕೈ ಮುಗಿದೆ. ಇದರಲ್ಲಿ ಏನಿದೆ, ಕಂಡದ್ದು ಹೇಳಿದೆ ಎಂದು ಮರಾಠಿಯಲ್ಲಿ ಹೇಳಿ ಮನೆಗೆ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಂಡತಿ, ಹುಡುಗನ ಚಿಂತೆ ಇರಬೇಕು ಎಂದುಕೊಂಡಳು.

ಈ ವಿಷಯ ತೆಗೆದಾಗ ಗೆಳೆಯರು ಎರಡು ಮಾತು ಹೇಳುತ್ತಾರೆ. ಒಂದು, ನೀನು ಅವತ್ತು ಬಾಯಿ ಹಾಕಿದ್ದರೆ ನಿನ್ನ ಮೇಲೂ ಅಡ್ಡಿಪಡಿಸಿದ ಕೇಸು ಬೀಳುತ್ತಿತ್ತು ಎಂದು. ಹೆದರಿಕೆ ಸುಳ್ಳಲ್ಲ. ಬೆಂಗಳೂರಿನಲ್ಲೇ ಒಬ್ಬ ದಂಪತಿ, ಠಾಣೆಯಲ್ಲಿ ತಮ್ಮೊಡನೆ ಕೆಟ್ಟದಾಗಿ ನಡೆದುಕೊಂಡರು ಎಂದು ಸಂಚಾರಿ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಬರೆದದ್ದಕ್ಕೆ ಅವರ ಮೇಲೆ 353 ಹಾಕಿದ್ದುಂಟು. ಆದರೆ 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನು ರದ್ದು ಮಾಡಿತು. ಅಲ್ಲಿ ಹಲ್ಲೆಯೂ ಇಲ್ಲ, ಬಲಪ್ರಯೋಗವೂ ಇಲ್ಲ ಎಂದಿತು. ಕೈ ಅಡ್ಡ ಹಾಕುವುದು ಬೇರೆ, ಮಾತು ತಿಳಿಸಿ ಹೇಳುವುದು ಬೇರೆ. "ಸಾಹೇಬ್, ಅವನು ತಾನೇ ಬರುತ್ತೇನೆ ಅಂತಿದ್ದಾನೆ" ಎಂದು ಹೇಳಿದ್ದರೆ ಅದು ಪೊಲೀಸರ ಕೆಲಸಕ್ಕೆ ಅಡ್ಡಿ ಆಗುತ್ತಿರಲಿಲ್ಲ, ಅನುಕೂಲವೇ ಆಗುತ್ತಿತ್ತು. ಅವರ ಟೊಪ್ಪಿಗೆಯೂ ಉಳಿಯುತ್ತಿತ್ತು.

ಎರಡನೆಯದು, ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ ಎಂಬುದು. ಇರಬಹುದು. ಆದರೆ ಕೇಳುವುದು ಬಿಡುವುದು ಅವರ ಪಾಲಿನದು, ಹೇಳುವುದು ನನ್ನ ಪಾಲಿನದು. ಅವರು ತಮ್ಮದನ್ನು ಮಾಡುತ್ತಿರಲಿಲ್ಲ ಎಂದು ಊಹಿಸಿ ನನ್ನದನ್ನು ನಾನು ಮನ್ನಾ ಮಾಡಿಕೊಳ್ಳುವುದು ಹೇಗೆ? ಸಾಲಗಾರ ಹೇಗೂ ಕಟ್ಟುವುದಿಲ್ಲ ಎಂದು ನೋಟೀಸನ್ನೇ ಕಳಿಸದ ಮ್ಯಾನೇಜರನನ್ನು ಇನ್‌ಸ್ಪೆಕ್ಷನ್‌ನವರು ಬಿಡುತ್ತಾರೆಯೇ?

ನನಗೆ ಕಂಡ ಉತ್ತರ ಇಷ್ಟು. ಪೊಲೀಸರು ತಪ್ಪಾಗಿ ಕೈ ಹಿಡಿದರೂ ಎದುರು ಕೈ ಮಾಡಬಾರದು. ಇದು ಕಾನೂನಿನ ಮಾತು, ನನ್ನದೂ ಹೌದು. ಆದರೆ ಸಮಾಜ ಒಬ್ಬ ಅಸಹಾಯಕನಿಗೆ 'ನೀನು ಕೈ ಎತ್ತಬೇಡ' ಎಂದು ಹೇಳಿದ ಮೇಲೆ, ಅವನ ಪರವಾಗಿ ಬಾಯಿ ಎತ್ತುವ ಹೊಣೆ ಪಕ್ಕದಲ್ಲಿ ನಿಂತವರ ಮೇಲೆ ಬೀಳುತ್ತದೆ. ಅವನ ಕೈ ಕಟ್ಟಿದಷ್ಟೂ ನಮ್ಮ ಬಾಯಿಯ ಸಾಲ ಬೆಳೆಯುತ್ತದೆ. ಭಾಷೆ ಬಲ್ಲ ಹೊರನಾಡ ಕನ್ನಡಿಗನ ಮೇಲೆ ಈ ಸಾಲ ಸ್ವಲ್ಪ ಹೆಚ್ಚೇ ಇದೆ.

ನಿವೃತ್ತಿಯಾದ ಮೇಲೆ ನಾನು ನಮ್ಮ ಬಡಾವಣೆಯ ಠಾಣೆಗೆ ಹೋಗಿ, ಕನ್ನಡ ಮಾತ್ರ ಬಲ್ಲವರು ಯಾರಾದರೂ ಬಂದರೆ ಕರೆಯಿರಿ ಎಂದು ಹೆಸರು, ಫೋನ್ ನಂಬರು ಕೊಟ್ಟು ಬಂದೆ. ಮುನ್ಷಿ ನಗುತ್ತಲೇ ಬರೆದುಕೊಂಡರು. ಇಲ್ಲಿಯವರೆಗೆ ನಾಲ್ಕು ಸಲ ಕರೆದಿದ್ದಾರೆ. ಒಂದು ಸಲ ಹೋದರೆ ಅವನು ತೆಲುಗಿನವ. ಇನ್ನೊಂದು ಸಲ ಕುಡಿದು ದಾರಿ ತಪ್ಪಿದ ಅಫಜಲಪುರದ ಮುದುಕ. ಅವನಿಗೆ ಚಹಾ ಕುಡಿಸಿ ರೈಲು ಹತ್ತಿಸಿದೆ. ಉಳಿದ ಎರಡು ಸಲ ನಿಜವಾಗಿ ಉಪಯೋಗವಾಯಿತು.

ಇದರಿಂದ 1994ರ ಲೆಕ್ಕ ಚುಕ್ತಾ ಆಯಿತೇ ಎಂದರೆ, ಇಲ್ಲ. ಒಂದು ಖಾತೆಯ ಬಾಕಿಗೆ ಇನ್ನೊಂದು ಖಾತೆಗೆ ಜಮಾ ಮಾಡಿದರೆ ಆಗುವುದಿಲ್ಲ ಎಂದು ಎಷ್ಟೋ ಜನ ಗುಮಾಸ್ತರಿಗೆ ನಾನೇ ಕಲಿಸಿದ್ದೇನೆ. ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನ ಖಾತೆ ಹಾಗೇ ತೆರೆದಿದೆ.